ಪರಾತದೊಳಗೊಂದು ಮೋಡ: ಅಬ್ರಿ ಕಾಗದದ ಜೊತೆ ದ್ರವಗಳ ಪಾಠ

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ನಮ್ಮೂರಿನ ಒಂದು ಬಡಕಲು ಕುದುರೆ ಇದೆ. ಸೊರಗಿ ಸಣ್ಣಗಾದ ಆ ಕುದುರೆ ಮತ್ತು ಅದರ ಸವಾರನ ಚಿತ್ರ 1625ರ ಸುಮಾರಿಗೆ ಬಿಜಾಪುರದಲ್ಲಿ ಮೂಡಿದ್ದೆಂದು ಮ್ಯೂಸಿಯಂನವರು ಗುರುತಿಸಿದ್ದಾರೆ. ಕಲಾವಿದ ಕೈಯಾರೆ ಬಿಡಿಸಿದ ಗೆರೆಗಳ ಜೊತೆಗೆ ಅದೇ ಕಾಗದದಲ್ಲಿ ಯಾರೂ ಬಿಡಿಸದ ಗೆರೆಗಳೂ ಇವೆ. ಅಂಟು ನೀರಿನ ಮೇಲೆ ಬಣ್ಣ ತೇಲಿಸಿ, ಕಡ್ಡಿಯಿಂದ ಎಳೆದು, ಮೇಲೊಂದು ಕಾಗದ ಹಾಸಿ ಎತ್ತಿಕೊಂಡ ಗೆರೆಗಳು ಅವು. ಈ ಕಲೆಗೆ ಪಾರಸಿಯಲ್ಲಿ ಅಬ್ರಿ ಎಂಬ ಹೆಸರಿದೆ. ಅಬ್ರ್ ಎಂದರೆ ಮೋಡ. ಸಂಸ್ಕೃತದ ‘ಅಭ್ರ’ ಇದರ ದಾಯಾದಿ ಪದ.

ನಾನು ವಿಜಯಪುರ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ವಿಜ್ಞಾನದ ಜೊತೆ ಕಲೆಯನ್ನು ಸೇರಿಸಿ ಎಂಬ ಸೂಚನೆ ಬಂದಾಗಲೆಲ್ಲ ಶಾಲೆಗಳಲ್ಲಿ ನಡೆಯುವುದು ಒಂದೇ ಕೆಲಸ: ಥರ್ಮಾಕೋಲಿನ ಜ್ವಾಲಾಮುಖಿಗೆ ಬಣ್ಣ ಬಳಿದು, ಅಂಚಿಗೆ ಮಿಂಚಿನ ಪಟ್ಟಿ ಅಂಟಿಸುವುದು. ಅದರಲ್ಲಿ ವಿಜ್ಞಾನ ಮೊದಲೇ ಮುಗಿದಿರುತ್ತದೆ, ಕಲೆ ಆಮೇಲೆ ಬಂದು ಸುಣ್ಣ ಬಳಿಯುತ್ತದೆ. ಅಬ್ರಿಯಲ್ಲಿ ಹಾಗೆ ಮಾಡಲು ಬರುವುದಿಲ್ಲ. ಸ್ನಿಗ್ಧತೆ, ಅಂದರೆ ಹರಿಯಲು ದ್ರವ ಒಡ್ಡುವ ತಡೆ, ಹದವಾಗಿರದಿದ್ದರೆ ಚಿತ್ರವೇ ಮೂಡುವುದಿಲ್ಲ. ಮೇಲ್ಮೈ ಎಳೆತವನ್ನು, ಅಂದರೆ ದ್ರವದ ಮೇಲ್ಮೈ ಬಿಗಿದ ಪೊರೆಯಂತೆ ಜಗ್ಗುವುದನ್ನು, ಅರಿಯದಿದ್ದರೆ ಬಣ್ಣ ಮುಳುಗಿ ಹೋಗುತ್ತದೆ. ನಾಲ್ಕು ವರ್ಷಗಳಿಂದ ನಾನೂ ನಮ್ಮ ಚಿತ್ರಕಲಾ ಶಿಕ್ಷಕರೂ ಸೇರಿ ಇದನ್ನು ಮಾಡಿಸುತ್ತಿದ್ದೇವೆ. ಎಡವಿದ್ದು ಎಲ್ಲಿ, ಹದ ಸಿಕ್ಕಿದ್ದು ಎಲ್ಲಿ ಎಂಬುದನ್ನು ಇಲ್ಲಿ ಬರೆದಿದ್ದೇನೆ. ಎಂಟರಿಂದ ಹತ್ತನೆಯ ತರಗತಿಯ ಮಕ್ಕಳಿಗೆ ಇದು ಹೊಂದುತ್ತದೆ. ಮನೆಯಲ್ಲಿ ಮಾಡುವವರು ಅಡುಗೆಮನೆಯ ಪರಾತ ಕೇಳುವ ಮೊದಲು ಅಮ್ಮನ ಅಪ್ಪಣೆ ಪಡೆಯಿರಿ.

ಶುರು ಮಾಡುವ ಮೊದಲು ಒಂದೇ ಒಂದು ನಿಯಮ. ನೋಟ್‌ಬುಕ್‌ನ ಎಡಪುಟ ಚಿತ್ರಕ್ಕೆ, ಬಲಪುಟ ಅಳತೆಗೆ. ಎಡಪುಟ ತುಂಬದೆ ಬಲಪುಟ ಮುಟ್ಟುವಂತಿಲ್ಲ. ‘ಸುಳಿ’, ‘ಪದರ ಹರಿವು’ ಎಂಬ ಪಾಠದ ಪದಗಳನ್ನು ನಾವು ಮೊದಲು ಬಾಯಿಬಿಟ್ಟು ಹೇಳಿಬಿಟ್ಟರೆ ಮಕ್ಕಳು ಕಂಡದ್ದನ್ನು ಬಿಟ್ಟು ಕೇಳಿದ್ದನ್ನು ಬರೆಯುತ್ತಾರೆ.

ಅಂಟು ನೀರಿನ ಹದ

ಬೇಕಾದ ಸಾಮಾನು: ಅಗಸಿ ಕಾಳು, ಪಟಿಕ, ಅಕ್ರಿಲಿಕ್ ಬಣ್ಣ ಮೂರು ಬಗೆ, ಹೊಳಪಿಲ್ಲದ ಡ್ರಾಯಿಂಗ್ ಹಾಳೆ, ಪೊರಕೆ ಕಡ್ಡಿ, ಔಷಧದ ಡ್ರಾಪರ್, ಹಳೆಯ ಪತ್ರಿಕೆ, ಮೂರು ಸೆಂಟಿಮೀಟರ್ ಆಳದ ಅಗಲವಾದ ಪರಾತ ಅಥವಾ ಟ್ರೇ. ಅಂಗಡಿಯಲ್ಲಿ ಸಿಗುವ ಪೋಸ್ಟರ್ ಕಲರ್ ಅಗ್ಗವೆಂದು ಕೊಳ್ಳಬೇಡಿ. ಅದರಲ್ಲಿ ಹೆಚ್ಚಿನದು ತಳಕ್ಕೆ ಹೋಗಿ ಕೂರುತ್ತದೆ.

ಹಳೆಯ ಪಾರಸಿ ವಿಧಾನದಲ್ಲಿ ಅಂಟು ನೀರಿಗೆ ಮೆಂತ್ಯ ಬಳಸುತ್ತಿದ್ದರು. ನಾನೂ ಅದರಿಂದಲೇ ಆರಂಭಿಸಿದೆ. ಬಣ್ಣವೇನೋ ತೇಲಿತು, ಆದರೆ ಕಾಗದ ಹಳದಿಯಾಯಿತು, ಮೂರನೆಯ ದಿನ ಕೋಣೆಯೊಳಗೆ ಕಾಲಿಡಲಾಗಲಿಲ್ಲ. ಅಗಸಿ ಒಳ್ಳೆಯದು, ನಮ್ಮ ಭಾಗದಲ್ಲಿ ಅಗಸಿ ಹಿಂಡಿ ಇಲ್ಲದ ಮನೆ ಕಡಿಮೆಯಾದ್ದರಿಂದ ಮಕ್ಕಳೇ ಒಂದೊಂದು ಹಿಡಿ ತರುತ್ತಾರೆ.

ನೂರು ಗ್ರಾಂ ಅಗಸಿಗೆ ಒಂದೂವರೆ ಲೀಟರ್ ನೀರು ಹಾಕಿ ಸಣ್ಣ ಉರಿಯಲ್ಲಿ ಕುದಿಸಿ. ಹತ್ತು ಹದಿನೈದು ನಿಮಿಷಕ್ಕೆ ನೀರು ಲೋಳೆಯಾಗಿ, ಸೌಟು ಎತ್ತಿದರೆ ದಾರದಂತೆ ಇಳಿಯುತ್ತದೆ. ಆಗ ಕೂಡಲೇ, ಬಿಸಿಯಿರುವಾಗಲೇ, ಹಳೆಯ ಬನಿಯನ್ ಬಟ್ಟೆಯಲ್ಲಿ ಸೋಸಬೇಕು. ಈ ‘ಕೂಡಲೇ’ ಎಂಬ ಮಾತನ್ನು ನಾನು ಮೊದಲ ವರ್ಷ ಕಡೆಗಣಿಸಿ, ಆರಿದ ಮೇಲೆ ಸೋಸೋಣವೆಂದು ಊಟಕ್ಕೆ ಹೋದೆ. ಮರಳಿ ಬಂದಾಗ ಪಾತ್ರೆಯಲ್ಲಿ ಜೋಳದ ಅಂಬಲಿಗಿಂತ ಗಟ್ಟಿಯಾದ ಒಂದು ಮುದ್ದೆ ಇತ್ತು. ಬಟ್ಟೆ ಹರಿಯಿತು, ಲೋಳೆ ಇಳಿಯಲಿಲ್ಲ. ಮಕ್ಕಳಿಗೆ ಅದೇ ದೊಡ್ಡ ಪ್ರಯೋಗವಾಯಿತು: ಬಿಸಿ ಇಳಿದಂತೆ ಸ್ನಿಗ್ಧತೆ ಏರುತ್ತದೆ ಎಂದು ನಾನು ಹಲಗೆಯ ಮೇಲೆ ಬರೆಯುವ ಅಗತ್ಯವೇ ಬೀಳಲಿಲ್ಲ. ಬಿಸಿ ಲೋಳೆ ಚರ್ಮಕ್ಕೆ ಅಂಟಿಕೊಂಡು ಸುಡುವುದರಿಂದ ಕುದಿಸುವುದು, ಸೋಸುವುದು ದೊಡ್ಡವರ ಕೆಲಸ.

ಸೋಸಿದ ನೀರನ್ನು ಒಂದು ರಾತ್ರಿ ಬಿಟ್ಟರೆ ಗುಳ್ಳೆಗಳು ಹೋಗುತ್ತವೆ. ಬೆಳಿಗ್ಗೆ ಪರಾತಕ್ಕೆ ಎರಡು ಸೆಂಟಿಮೀಟರ್ ಆಳ ಸುರಿದು ಹದ ನೋಡಿ. ಪೊರಕೆ ಕಡ್ಡಿಯಿಂದ ಒಂದು ಸುತ್ತು ತಿರುಗಿಸಿ ಕಡ್ಡಿ ಎತ್ತಿ. ಎತ್ತಿದ ಮೇಲೂ ನೀರು ತಿರುಗುತ್ತಲೇ ಇದ್ದರೆ ತೆಳುವಾಗಿದೆ, ಇನ್ನಷ್ಟು ಲೋಳೆ ಬೇಕು. ಕಡ್ಡಿಯ ಹಾದಿ ಉಳುಮೆಯ ಸಾಲಿನಂತೆ ಉಳಿದರೆ ಗಟ್ಟಿ, ನೀರು ಬೆರೆಸಿ. ಮೊಟ್ಟೆಯ ಬಿಳಿಭಾಗಕ್ಕಿಂತ ತುಸು ತೆಳುವಾದದ್ದು ಸರಿಯಾದ ಹದ. ಸೂಕ್ಷ್ಮ ಕಣ್ಣಿನ ಮಕ್ಕಳಿಗೆ ಇನ್ನೊಂದು ಕಾಣುತ್ತದೆ: ಕಡ್ಡಿ ನಿಲ್ಲಿಸಿದ ಕ್ಷಣ ದ್ರವ ಕೂದಲೆಳೆಯಷ್ಟು ಹಿಂದಕ್ಕೆ ಜಗ್ಗಿಕೊಳ್ಳುತ್ತದೆ. ಅಗಸಿಯ ಲೋಳೆಯಲ್ಲಿ ಉದ್ದುದ್ದ ಅಣುಸರಪಳಿಗಳಿವೆ. ಎಳೆದಾಗ ಅವು ಹಿಗ್ಗಿ, ಬಿಟ್ಟಾಗ ಕುಗ್ಗುತ್ತವೆ. ಬರೀ ನೀರು ಹೀಗೆ ಮಾಡುವುದಿಲ್ಲ.

ಕಾಗದವನ್ನು ಹಿಂದಿನ ದಿನವೇ ಸಿದ್ಧಮಾಡಿ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಒಂದು ದೊಡ್ಡ ಚಮಚ ಪಟಿಕದ ಪುಡಿ ಕರಗಿಸಿ, ಸ್ಪಂಜಿನಿಂದ ಹಾಳೆಯ ಒಂದು ಬದಿಗೆ ತೆಳುವಾಗಿ ಸವರಿ, ಒಣಗಿಸಿ, ದಪ್ಪ ಪುಸ್ತಕಗಳ ಕೆಳಗೆ ಇಡಿ. ಸವರಿದ ಬದಿಯ ಮೂಲೆಯಲ್ಲಿ ಪೆನ್ಸಿಲಿನಿಂದ ಗುರುತು ಹಾಕದಿದ್ದರೆ ಮರುದಿನ ಯಾವ ಬದಿ ಎಂದು ಯಾರಿಗೂ ತಿಳಿಯುವುದಿಲ್ಲ. ಪಟಿಕದಲ್ಲಿರುವ ಅಲ್ಯೂಮಿನಿಯಂ ಬಣ್ಣಕ್ಕೂ ಕಾಗದದ ನಾರಿಗೂ ನಡುವೆ ನಿಂತು ಎರಡನ್ನೂ ಹಿಡಿದುಕೊಳ್ಳುತ್ತದೆ. ಬಟ್ಟೆಗೆ ಬಣ್ಣ ಕಟ್ಟುವವರಿಗೆ ಇದು ಹಳೆಯ ವಿದ್ಯೆ.

ಬಣ್ಣ ತೇಲಿಸುವುದು

ಅಕ್ರಿಲಿಕ್ ಬಣ್ಣಕ್ಕೆ ಹನಿಹನಿಯಾಗಿ ನೀರು ಬೆರೆಸಿ ಹಾಲಿನಷ್ಟು ತೆಳುಮಾಡಿ. ಪ್ರತಿ ಸಲ ಬಣ್ಣ ಹಾಕುವ ಮೊದಲು ಪತ್ರಿಕೆಯ ಉದ್ದನೆಯ ಪಟ್ಟಿಯನ್ನು ದ್ರವದ ಮೇಲ್ಮೈಯಲ್ಲಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಎಳೆಯಬೇಕು. ಮೇಲೆ ಕಟ್ಟಿದ ಕೆನೆಯಂಥ ಪೊರೆ, ಧೂಳು ಎಲ್ಲ ಹೋಗುತ್ತದೆ. ಇದನ್ನು ಬಿಟ್ಟರೆ ಬಣ್ಣ ಹರಡದೆ ನಕ್ಷತ್ರದಂತೆ ಸೀಳುತ್ತದೆ.

ಈಗ ಡ್ರಾಪರನ್ನು ಮೇಲ್ಮೈಗೆ ತೀರ ಹತ್ತಿರ ಹಿಡಿದು ಒಂದು ಹನಿ ಬಿಡಿ. ಮುಳುಗಿದರೆ ಬಣ್ಣ ದಪ್ಪವಾಗಿದೆ. ತೇಲಿಯೂ ಹರಡದೆ ನಿಂತರೆ ಸೂಜಿಯ ಮೊನೆಯಲ್ಲಿ ಹಿಡಿಯುವಷ್ಟು ಪಾತ್ರೆ ತೊಳೆಯುವ ಸೋಪನ್ನು ಬಣ್ಣಕ್ಕೆ ಸೇರಿಸಿ. ಸೋಪು ಮೇಲ್ಮೈ ಎಳೆತವನ್ನು ತಗ್ಗಿಸುತ್ತದೆ. ಸುತ್ತಲಿನ ದ್ರವದ ಎಳೆತ ಹೆಚ್ಚಿರುವುದರಿಂದ ಅದು ಬಣ್ಣವನ್ನು ಎಲ್ಲ ಕಡೆಗೂ ತನ್ನತ್ತ ಜಗ್ಗುತ್ತದೆ. ಬಣ್ಣ ಓಡಿತು ಎನ್ನುತ್ತೇವೆ, ನಿಜವಾಗಿ ಅದನ್ನು ಎಳೆದೊಯ್ಯಲಾಯಿತು. ಈ ಬಗೆಯ ಹರಿವಿಗೆ ಇಟಲಿಯ ಕಾರ್ಲೊ ಮಾರಂಗೋನಿಯ ಹೆಸರಿದೆ. ಆತ 1865ರಲ್ಲಿ ಇದರ ಮೇಲೆ ಪ್ರಬಂಧ ಬರೆದ. ಸೋಪು ಒಂದು ಹನಿ ಹೆಚ್ಚಾಯಿತೋ, ಬಣ್ಣ ಪರಾತದ ಅಂಚಿನವರೆಗೆ ಹೋಗಿ ಮಾಯವಾಗುತ್ತದೆ. ಆಗ ಪತ್ರಿಕೆಯ ಪಟ್ಟಿಯಿಂದ ಬಳಿದು ಮತ್ತೆ ಶುರುಮಾಡುವುದೇ ಸರಿ.

ಎರಡನೆಯ ಬಣ್ಣ ಹಾಕುವಾಗ ಮಕ್ಕಳು ಬಂದು ದೂರು ಹೇಳುತ್ತಾರೆ: “ಸರ್, ಕೆಂಪು ಹರಡಿತು, ನೀಲಿ ಹರಡುತ್ತಿಲ್ಲ.” ಉತ್ತರ ಹೇಳಬೇಡಿ, ಎಡಪುಟದಲ್ಲಿ ಬರೆಯಲು ಹೇಳಿ. ಮೊದಲ ಬಣ್ಣ ಆಗಲೇ ಮೇಲ್ಮೈ ಎಳೆತವನ್ನು ಇಳಿಸಿಬಿಟ್ಟಿದೆ, ಎರಡನೆಯದು ಅದನ್ನು ಬದಿಗೆ ತಳ್ಳಬೇಕಾದರೆ ಅದರ ಎಳೆತ ಇನ್ನೂ ಕಡಿಮೆಯಿರಬೇಕು ಎಂಬುದನ್ನು ಯಾರಾದರೊಬ್ಬರು ಹತ್ತು ನಿಮಿಷದಲ್ಲಿ ಕಂಡುಹಿಡಿದೇ ತೀರುತ್ತಾರೆ. ಹಾಗಾಗಿ ಬಣ್ಣದಿಂದ ಬಣ್ಣಕ್ಕೆ ಸೋಪು ತುಸು ತುಸು ಹೆಚ್ಚಬೇಕು. ಹಿಂದಿನ ಅಬ್ರಿ ಕುಶಲಕರ್ಮಿಗಳು ಸೋಪಿನ ಬದಲು ದನದ ಪಿತ್ತರಸವನ್ನು ಇದೇ ಲೆಕ್ಕದಲ್ಲಿ ಬಳಸುತ್ತಿದ್ದರು.

ಇಲ್ಲಿ ಗಣಿತದ ಶಿಕ್ಷಕರನ್ನು ಕರೆಯಿರಿ. ಹನಿಯೊಂದು ಹರಡಿ ಮೂರು ಸೆಂಟಿಮೀಟರ್ ತ್ರಿಜ್ಯದ ವೃತ್ತವಾಗಿದೆ ಎಂದುಕೊಳ್ಳಿ. ಅದರ ನಟ್ಟನಡುವೆ ಇನ್ನೊಂದು ಬಣ್ಣ ಬಿಟ್ಟಿರಿ, ಅದು ನಾಲ್ಕು ಸೆಂಟಿಮೀಟರ್ ತ್ರಿಜ್ಯಕ್ಕೆ ಹರಡಿತು. ಹೊರಗಿನ ಉಂಗುರದ ತ್ರಿಜ್ಯ ಎಷ್ಟಾಗಬೇಕು? ಹೆಚ್ಚಿನ ಮಕ್ಕಳು ಏಳು ಎನ್ನುತ್ತಾರೆ. ಅಳೆದರೆ ಐದರ ಆಸುಪಾಸು ಬರುತ್ತದೆ. ಮೊದಲ ಬಣ್ಣದ ವಿಸ್ತೀರ್ಣ ಎಲ್ಲಿಗೂ ಹೋಗುವುದಿಲ್ಲ. ಒಂಬತ್ತಕ್ಕೆ ಹದಿನಾರು ಸೇರಿದರೆ ಇಪ್ಪತ್ತೈದು, ಅದರ ವರ್ಗಮೂಲ ಐದು. ಪೈಥಾಗೊರಸ್ ಪ್ರಮೇಯವನ್ನು ತ್ರಿಕೋನವಿಲ್ಲದೆ ಕಂಡು ನಮ್ಮ ಗಣಿತದ ಮೇಡಂ ಒಂದು ಕ್ಷಣ ಸುಮ್ಮನೆ ನಿಂತರು. ಎರಡು ಹನಿಯೂ ಹೇಳಿ ಮಾಡಿಸಿದಂತೆ ಮೂರಕ್ಕೂ ನಾಲ್ಕಕ್ಕೂ ನಿಲ್ಲುವುದಿಲ್ಲ, ಬಂದ ಅಳತೆಯಲ್ಲೇ ಲೆಕ್ಕ ಮಾಡಿಸಿ. ನಿಮ್ಮ ಅಳತೆ ಲೆಕ್ಕಕ್ಕಿಂತ ಕಡಿಮೆ ಬಂದರೆ ಅದು ತಪ್ಪಲ್ಲ. ಹೊಸ ಬಣ್ಣದ ಒತ್ತಿಗೆ ಹಳೆಯ ಪದರ ಹಿಸುಕಿಕೊಂಡಿರುತ್ತದೆ. ಉಂಗುರದ ಬಣ್ಣ ಮೊದಲಿಗಿಂತ ದಟ್ಟವಾಗಿದೆಯೇ ನೋಡಿ. ದಟ್ಟವಾಗಿದ್ದರೆ ಕಡಿಮೆಯಾದ ವಿಸ್ತೀರ್ಣ ಎಲ್ಲಿ ಹೋಯಿತು ಎಂಬುದಕ್ಕೆ ಉತ್ತರ ಕಣ್ಣೆದುರೇ ಇದೆ.

ಕಡ್ಡಿಯಿಂದ ಎಳೆಯುವ ಕೆಲಸ ಎಲ್ಲರಿಗೂ ಇಷ್ಟ, ಆದ್ದರಿಂದ ಅಲ್ಲೇ ಕೆಡುವುದು ಹೆಚ್ಚು. ರಟ್ಟಿನ ಪಟ್ಟಿಗೆ ಒಂದೊಂದು ಸೆಂಟಿಮೀಟರ್ ಅಂತರದಲ್ಲಿ ಪೊರಕೆ ಕಡ್ಡಿ ಸಿಕ್ಕಿಸಿ ಬಾಚಣಿಗೆ ಮಾಡಿಕೊಳ್ಳಿ. ಒಮ್ಮೆ ಅಡ್ಡ, ಒಮ್ಮೆ ಉದ್ದ, ಅಷ್ಟಕ್ಕೆ ನಿಲ್ಲಿಸಿ. ನಿಧಾನ ಎಳೆದರೆ ಗೆರೆಗಳು ನೇಯ್ಗೆಯಂತೆ ಸಾಲಾಗಿ ನಿಲ್ಲುತ್ತವೆ. ಐದಾರು ಸಲ ಕಲಕಿದರೆ ಹೋಳಿ ಮುಗಿದ ಸಂಜೆ ಬಾಗಲಕೋಟೆಯ ಬೀದಿ ಕಾಣುವ ಹಾಗೆ ಕಾಣುತ್ತದೆ.

ಕಾಗದ ಹಾಸುವಾಗ ಎದುರುಬದುರು ಮೂಲೆಗಳನ್ನು ಹಿಡಿದು, ಹೊಟ್ಟೆಯ ಭಾಗ ಮೊದಲು ಬಣ್ಣಕ್ಕೆ ತಾಗುವಂತೆ ಇಳಿಸಿ ಎರಡೂ ಕಡೆಗೆ ಬಿಡಬೇಕು. ಗಾಳಿ ಸಿಕ್ಕಿಕೊಂಡಲ್ಲೆಲ್ಲ ಬಿಳಿ ಕಲೆ ಉಳಿಯುತ್ತದೆ. ಎತ್ತುವಾಗ ಪರಾತದ ಅಂಚಿಗೆ ಸವರಿಕೊಂಡು ಎಳೆದರೆ ಹೆಚ್ಚಿನ ಲೋಳೆ ಅಲ್ಲೇ ಇಳಿಯುತ್ತದೆ. ಒಂದು ಮಗ್ಗು ನೀರನ್ನು ಮೆಲ್ಲಗೆ ಸುರಿದು ತೊಳೆದು ಹಗ್ಗಕ್ಕೆ ತೂಗುಹಾಕಿ. ನಮ್ಮ ಬಿಸಿಲಿಗೆ ಅರ್ಧ ಗಂಟೆ ಸಾಕು.

ಮುಧೋಳ ನಾಯಿ

ದಖ್ಖನಿನ ಕಲಾವಿದರ ಹೆಚ್ಚುಗಾರಿಕೆ ಬರೀ ಬಣ್ಣ ತೇಲಿಸುವುದರಲ್ಲಿ ಇರಲಿಲ್ಲ. ಕಾಗದದಲ್ಲಿ ಬಣ್ಣ ಬೇಡವಾದ ಭಾಗಗಳನ್ನು ಅಂಟು ಬಳಿದೋ ಮರೆಮಾಡಿಯೋ ಕಾಯ್ದುಕೊಂಡು, ಬೇಕಾದ ಆಕಾರದೊಳಗೆ ಮಾತ್ರ ಅಬ್ರಿ ಮೂಡುವಂತೆ ಮಾಡುತ್ತಿದ್ದರು. ಮಕ್ಕಳ ಕೈಗೆ ಸುಲಭವಾದದ್ದು ಮರೆಯ ಹಾಳೆ. ತೆಳು ಕಾಗದದಲ್ಲಿ ಆಕಾರ ಕತ್ತರಿಸಿ ತೆಗೆದು, ಉಳಿದ ಚೌಕಟ್ಟನ್ನು ಪಟಿಕ ಸವರಿದ ಹಾಳೆಗೆ ನಾಲ್ಕಾರು ಕಡೆ ತುಸು ಅಂಟು ಹಚ್ಚಿ ಕೂರಿಸಿ. ತೊಳೆದ ಮೇಲೆ ಚೌಕಟ್ಟು ಬಿಚ್ಚಿದರೆ ಆಕಾರ ಮಾತ್ರ ಉಳಿಯುತ್ತದೆ. ಆಮೇಲೆ ಸಣ್ಣ ಕುಂಚದಿಂದ ಕಣ್ಣು, ಕಿವಿ, ಕಾಲಿನ ಗೆರೆ ಎಳೆಯಬಹುದು.

ಯಾವ ಆಕಾರ? ಗೋಲಗುಮ್ಮಟ ಬೇಡವೆಂದು ನಾನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಲವತ್ತು ಹಾಳೆಯಲ್ಲಿ ನಲವತ್ತು ಗುಮ್ಮಟ ಬರುತ್ತವೆ. ನಮ್ಮ ಚಿತ್ರಕಲಾ ಶಿಕ್ಷಕರು ಬಾಗಲಕೋಟೆ ಜಿಲ್ಲೆಯವರು. ಅವರು ಮುಧೋಳ ನಾಯಿಯನ್ನು ಸೂಚಿಸಿದರು. ಸೊಂಟ ಸಣ್ಣ, ಎದೆ ಆಳ, ಪಕ್ಕೆಲುಬಿನ ಸುಳಿವು ಕಾಣುವ ಮೈ. ಮ್ಯೂಸಿಯಂನ ಬಡಕಲು ಕುದುರೆಗೆ ತಕ್ಕ ಜೊತೆ. ಬಾಚಣಿಗೆಯಲ್ಲಿ ಎಳೆದ ಗೆರೆಗಳು ನಾಯಿಯ ಪಕ್ಕೆಯ ಬಾಗಿಗೆ ಸರಿಹೊಂದುವಂತೆ ಹಾಳೆಯನ್ನು ತಿರುಗಿಸಿ ಹಾಸುವುದನ್ನು ಎಂಟನೆಯ ತರಗತಿಯ ಹುಡುಗನೊಬ್ಬ ತಾನಾಗಿಯೇ ಮಾಡಿದ. ಓಡುವ ನಾಯಿಯ ಮೈಯಲ್ಲಿ ಗಾಳಿ ಹರಿದಂತೆ ಕಾಣುತ್ತಿತ್ತು. ಖಿಲಾರಿ ಎತ್ತಿನ ಕೊಂಬೂ ಚೆನ್ನಾಗಿ ಬರುತ್ತದೆ.

ಅಭ್ರಕದ ಪರಾತ

ಅಂಟು ನೀರೇ ಏಕೆ ಬೇಕು, ಬರೀ ನೀರಾದರೆ ಏನು ಎಂದು ಕೇಳುವ ಮಗು ಪ್ರತಿ ತರಗತಿಯಲ್ಲೂ ಇರುತ್ತದೆ. ಅದಕ್ಕಾಗಿ ಎರಡನೆಯ ಪರಾತ ಇಡಿ. ತಳಕ್ಕೆ ಕಪ್ಪು ಬಣ್ಣದ ಪ್ಲಾಸ್ಟಿಕ್ ಹಾಸಿ, ಎರಡು ಸೆಂಟಿಮೀಟರ್ ಬರೀ ನೀರು ತುಂಬಿ, ಒಂದು ಚಿಟಿಕೆ ನುಣ್ಣಗಿನ ಅಭ್ರಕದ ಪುಡಿ ಬೆರೆಸಿ. ಅಭ್ರಕದ ಚೂರುಗಳು ಚಪ್ಪಟೆ. ಹರಿವು ಯಾವ ಕಡೆಗೋ ಆ ಕಡೆಗೆ ಅವು ವಾಲುತ್ತವೆ, ವಾಲಿದಂತೆ ಬೆಳಕು ಮಿಂಚುತ್ತದೆ ಅಥವಾ ಮಂಕಾಗುತ್ತದೆ. ಕಾಣದ ಹರಿವು ರೇಷ್ಮೆಯ ಮಡಿಕೆಯಂತೆ ಕಾಣಿಸುತ್ತದೆ. ಹೆಸರು ಗಮನಿಸಿದಿರಾ? ಅಭ್ರಕದೊಳಗೂ ಮೋಡವಿದೆ, ಅಬ್ರಿಯೊಳಗೂ ಮೋಡವಿದೆ. ಪುಡಿ ಹಾಕುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಒದ್ದೆಯಾದ ಮೇಲೆ ಹಾರುವುದಿಲ್ಲ.

ಈಗ ಅದೇ ಪೊರಕೆ ಕಡ್ಡಿಯನ್ನು ನೆಟ್ಟಗೆ ಹಿಡಿದು ನೀರಿನಲ್ಲಿ ನೇರವಾಗಿ ಎಳೆಯಿರಿ. ಕಡ್ಡಿಯ ಹಿಂದೆ ಎಡಕ್ಕೊಂದು ಬಲಕ್ಕೊಂದು ಸುಳಿ ಸಾಲಾಗಿ ಬಿಚ್ಚಿಕೊಳ್ಳುತ್ತದೆ. “ಜಡೆ ಹೆಣೆದ ಹಾಗಿದೆ ಸರ್” ಎಂದಳು ಒಬ್ಬ ಹುಡುಗಿ. ಐನೂರು ವರ್ಷಗಳ ಹಿಂದೆ ಲಿಯೊನಾರ್ಡೊ ಡಾ ವಿಂಚಿ ಹರಿಯುವ ನೀರಿನ ಚಿತ್ರ ಬಿಡಿಸುತ್ತ ಅದನ್ನು ಕೂದಲಿನ ಸುರುಳಿಗೇ ಹೋಲಿಸಿದ್ದ. ಆ ಮಾತನ್ನು ಅವಳ ಎಡಪುಟದಲ್ಲಿ ಬರೆಸಿದೆ.

ಬಲಪುಟದ ಲೆಕ್ಕ ಹೀಗಿದೆ. ಕಡ್ಡಿಯ ದಪ್ಪ 0.2 ಸೆಂ.ಮೀ., ಎಳೆಯುವ ವೇಗ ಸೆಕೆಂಡಿಗೆ 5 ಸೆಂ.ಮೀ. ಎರಡನ್ನೂ ಗುಣಿಸಿದರೆ 1. ನೀರಿನ ಚಲನ ಸ್ನಿಗ್ಧತೆ (ಸ್ನಿಗ್ಧತೆಯನ್ನು ಸಾಂದ್ರತೆಯಿಂದ ಭಾಗಿಸಿದ್ದು) ಇದೇ ಸೆಂ.ಮೀ., ಸೆಕೆಂಡಿನ ಲೆಕ್ಕದಲ್ಲಿ ಸುಮಾರು 0.01, ಅದರಿಂದ ಭಾಗಿಸಿದರೆ 100. ಇದು ರೆನಾಲ್ಡ್ಸ್ ಸಂಖ್ಯೆ: ಹರಿವಿನ ಓಟದ ಮುಂದೆ ಸ್ನಿಗ್ಧತೆಯ ತಡೆ ಎಷ್ಟು ಸಣ್ಣದು ಎಂಬುದರ ಅಳತೆ. ದುಂಡಗಿನ ಕಡ್ಡಿಯ ಹಿಂದೆ ಸುಳಿಗಳು ಒಂದಾದ ಮೇಲೊಂದು ಕಳಚತೊಡಗುವುದು ಈ ಸಂಖ್ಯೆ 50ರ ಸಮೀಪ ಬಂದಾಗ. ಅಂಟು ನೀರು ನೂರು ಪಟ್ಟು ಸ್ನಿಗ್ಧ ಎಂದುಕೊಂಡರೆ ಅದೇ ಕಡ್ಡಿಗೆ, ಅದೇ ವೇಗಕ್ಕೆ ಸಂಖ್ಯೆ 1 ಮಾತ್ರ. ಸುಳಿ ಹುಟ್ಟುವ ಮಾತೇ ಇಲ್ಲ, ಗೆರೆ ಗೆರೆಯಾಗಿಯೇ ಉಳಿಯುತ್ತದೆ. ಅಬ್ರಿ ಮಾಡುವವರು ಲೋಳೆಗಾಗಿ ಇಷ್ಟು ಪಾಡು ಪಡುವುದು ಈ ಒಂದು ಸಂಖ್ಯೆಯನ್ನು ಇಳಿಸಲು. ಓಸ್ಬೋರ್ನ್ ರೆನಾಲ್ಡ್ಸ್ 1883ರಲ್ಲಿ ಗಾಜಿನ ಕೊಳವೆಯಲ್ಲಿ ಬಣ್ಣದ ಎಳೆಯೊಂದನ್ನು ಹರಿಯಬಿಟ್ಟು, ವೇಗ ಏರಿಸುತ್ತ ಹೋದಾಗ ಅದು ಯಾವ ಘಟ್ಟದಲ್ಲಿ ಚದುರುತ್ತದೆ ಎಂದು ನೋಡಿದ್ದ. ಅವನ ಉಪಕರಣವೂ ಒಂದು ಬಗೆಯ ಚಿತ್ರಫಲಕವೇ.

ಕಡ್ಡಿಯನ್ನು ಇನ್ನೂ ನಿಧಾನ ಎಳೆದು ಸುಳಿಗಳು ಯಾವಾಗ ನಿಲ್ಲುತ್ತವೆ ಎಂದು ಹುಡುಕಲು ಬಿಡಿ. ಅಳತೆಪಟ್ಟಿಯನ್ನು ಪರಾತದ ಅಂಚಿಗಿಟ್ಟು ಮೊಬೈಲಿನಲ್ಲಿ ಮೇಲಿನಿಂದ ವಿಡಿಯೊ ತೆಗೆದರೆ ವೇಗವನ್ನು ಆಮೇಲೆ ಲೆಕ್ಕ ಹಾಕಬಹುದು. ಕಿಟಕಿಯ ಓರೆ ಬೆಳಕು ಸಾಕು, ಫ್ಲ್ಯಾಷ್ ಹಾಕಿದರೆ ನೀರು ಕನ್ನಡಿಯಾಗಿ ಫೋನಿನ ಮುಖವೇ ಬೀಳುತ್ತದೆ. ಮೋಡದ ಮಾತು ಬಂದದ್ದರಿಂದ ಇನ್ನೊಂದು ವಿಷಯ: ಬೆಂಗಳೂರಿನಲ್ಲಿ ವಿಜ್ಞಾನಿ ರೊದ್ದಂ ನರಸಿಂಹ ಮತ್ತು ಜೊತೆಗಾರರು ಪ್ರಯೋಗಾಲಯದ ನೀರಿನ ತೊಟ್ಟಿಯೊಳಗೆ ಮೋಡದಂಥ ಹರಿವನ್ನು ಎಬ್ಬಿಸಿ, 2011ರಲ್ಲಿ ಅದರ ವಿವರ ಪ್ರಕಟಿಸಿದರು. ಮೋಡಕ್ಕೆ ಆಕಾಶವೇ ಬೇಕೆಂದಿಲ್ಲ ಎಂದಾಗ ಮಕ್ಕಳು ಪರಾತವನ್ನು ನೋಡಿದ ರೀತಿ ಬೇರೆಯಾಗಿತ್ತು.

ಗಂಜ್ ಮತ್ತು ಕಾರಂಜಿ

ಮೂರನೆಯ ಪ್ರಯೋಗಕ್ಕೆ ತರಗತಿಯಿಂದ ಹೊರಗೆ ಬನ್ನಿ. ವಿಜಯಪುರದ ಊರೊಳಗೆ ಅಲ್ಲಲ್ಲಿ ಕಲ್ಲಿನ ಚೌಕ ಗೋಪುರಗಳು ನಿಂತಿವೆ. ಅವು ಆದಿಲ್‌ಶಾಹಿ ಕಾಲದ ನೀರಿನ ಗಂಜ್‌ಗಳು. ತೊರವಿಯ ಕಡೆಯಿಂದ, ಬೇಗಂ ತಲಾಬ್‌ನಿಂದ ನೆಲದಡಿಯ ಸುರಂಗ ಮತ್ತು ಮಣ್ಣಿನ ಕೊಳವೆಗಳಲ್ಲಿ ನೀರು ಬರುತ್ತಿತ್ತು. ಕೊಳವೆಯಲ್ಲಿ ಒತ್ತಡ ಹೆಚ್ಚಿ ಒಡೆಯದಂತೆ ತಡೆಯಲು, ಹೂಳು ಕೆಳಗಿಳಿಯಲು ನಡುನಡುವೆ ಈ ಗೋಪುರಗಳು. ಸಿಂದಗಿ ರಸ್ತೆಯ ಕುಮಟಗಿಯಲ್ಲಂತೂ ನೀರೂ ಚಿತ್ರವೂ ಒಂದೇ ಮಂಟಪದಲ್ಲಿ ಸೇರಿದ್ದವು: ಎತ್ತರದ ತೊಟ್ಟಿಯ ನೀರು ಕೊಳವೆಗಳಲ್ಲಿ ಇಳಿದು ಚಾವಣಿಯಿಂದ ತುಂತುರಾಗಿ ಸುರಿಯುತ್ತಿತ್ತು, ಗೋಡೆಗಳ ಮೇಲೆ ಭಿತ್ತಿಚಿತ್ರಗಳಿದ್ದವು. ಮಾಸಿದ ಆ ಚಿತ್ರಗಳನ್ನು ಇಂದಿಗೂ ಕಾಣಬಹುದು. ಕರೆದೊಯ್ದರೆ ಗೋಡೆ ಮುಟ್ಟದಂತೆ ಮಕ್ಕಳ ಕೈಗೆ ನೋಟ್‌ಬುಕ್ ಕೊಡಿ.

ಗೌಂಡಿಗಳು ಮಟ್ಟ ನೋಡಲು ಬಳಸುವ ಪಾರದರ್ಶಕ ಲೆವಲ್ ಪೈಪ್ ಮೂರು ಮೀಟರ್ ತನ್ನಿ. ತಳ ಕತ್ತರಿಸಿದ ಬಾಟಲಿಯನ್ನು ತಲೆಕೆಳಗಾಗಿ ಕಿಟಕಿಯ ಸರಳಿಗೆ ಕಟ್ಟಿ, ಬಾಯಿಗೆ ಪೈಪ್ ಸಿಕ್ಕಿಸಿ, ಇನ್ನೊಂದು ತುದಿಗೆ ಖಾಲಿ ಬಾಲ್‌ಪೆನ್ನಿನ ಮೂತಿ ಜೋಡಿಸಿ ಮೇಲ್ಮುಖವಾಗಿ ಹಿಡಿಯಿರಿ. ಬಾಟಲಿಯ ನೀರಿನ ಮಟ್ಟ ಮೂತಿಗಿಂತ ಒಂದು ಮೀಟರ್ ಮೇಲಿದ್ದರೆ ನೀರು ಸೆಕೆಂಡಿಗೆ ಸುಮಾರು 4.4 ಮೀಟರ್ ವೇಗದಲ್ಲಿ ಚಿಮ್ಮಿ ಒಂದು ಮೀಟರ್ ಏರಬೇಕು. ಏರುವುದಿಲ್ಲ. ಪೈಪಿನ ಘರ್ಷಣೆ, ಗಾಳಿ, ಮೇಲಿಂದ ಮರಳುವ ಹನಿಗಳು ಎಲ್ಲವೂ ತಮ್ಮ ಪಾಲು ತೆಗೆದುಕೊಳ್ಳುತ್ತವೆ. ಎಷ್ಟು ಕಡಿಮೆಯಾಯಿತು ಎಂಬುದೇ ಬಲಪುಟದ ಮೊದಲ ಸಾಲು.

ಈಗ ಪೈಪನ್ನು ನಡುವೆ ಕತ್ತರಿಸಿ ಒಂದು ಗಂಜ್ ಕಟ್ಟಿ: ಅರ್ಧ ಮೀಟರ್ ಎತ್ತರದಲ್ಲಿ ಬಾಯಿ ತೆರೆದ ಇನ್ನೊಂದು ಬಾಟಲಿ. ಮೇಲಿನ ನೀರು ಇದರೊಳಗೆ ಬೀಳಲಿ, ಇದರ ತಳದಿಂದ ಕಾರಂಜಿಗೆ ಹೋಗಲಿ. ಮೇಲಿನ ಬಾಟಲಿಯನ್ನು ಎಷ್ಟೇ ಎತ್ತರಕ್ಕೆ ಏರಿಸಿದರೂ ಕಾರಂಜಿ ಗಂಜ್‌ನ ನೀರಿನ ಮಟ್ಟ ದಾಟುವುದಿಲ್ಲ. ಗೋಪುರ ಕೊಳವೆಯನ್ನು ಹೇಗೆ ಕಾಯುತ್ತದೆ ಎಂಬುದು ಅಷ್ಟರಲ್ಲೇ ಅರ್ಥವಾಗುತ್ತದೆ.

ಚಿತ್ರದ ಭಾಗ ಬಿಸಿಲಿನದು. ಎರಡು ಲೀಟರಿನ ಬಾಟಲಿಯಲ್ಲಿ ತಳದಿಂದ 5, 10, 15 ಸೆಂ.ಮೀ. ಎತ್ತರಕ್ಕೆ ಒಂದೇ ಗಾತ್ರದ ಮೂರು ತೂತು ಮಾಡಿ, ಬಾಟಲಿಯನ್ನು ನೆಲದ ಮೇಲಿಟ್ಟು ನೀರಿನ ಮಟ್ಟ 20 ಸೆಂ.ಮೀ.ನಲ್ಲಿ ನಿಲ್ಲುವಂತೆ ಮೇಲಿನಿಂದ ಸುರಿಯುತ್ತಿರಿ. ಬೆಳಗಿನ ಓರೆ ಬಿಸಿಲಿನಲ್ಲಿ ಪಕ್ಕಕ್ಕೆ ನಿಲ್ಲಿಸಿದ ದೊಡ್ಡ ಹಾಳೆಯ ಮೇಲೆ ಮೂರು ಧಾರೆಗಳ ನೆರಳು ಬೀಳುತ್ತದೆ; ಇದ್ದಿಲಿನಿಂದ ಅದರ ಮೇಲೆಯೇ ಗೆರೆ ಎಳೆಯಿರಿ. ತೀರ ಕೆಳಗಿನ ಧಾರೆ ಎಲ್ಲಕ್ಕಿಂತ ದೂರ ಹೋಗುತ್ತದೆ ಎಂದು ಎಷ್ಟೋ ಪುಸ್ತಕಗಳ ಚಿತ್ರ ತೋರಿಸುತ್ತದೆ. ನೆರಳು ಬೇರೆಯೇ ಹೇಳುತ್ತದೆ: ನಡುವಿನದು ದೂರ, ಸುಮಾರು 20 ಸೆಂ.ಮೀ.; ಮೇಲಿನದೂ ಕೆಳಗಿನದೂ 17 ಸೆಂ.ಮೀ. ಹತ್ತಿರ ಒಂದೇ ಕಡೆ ಬಂದು ಬೀಳುತ್ತವೆ. ಕೆಳಗಿನ ನೀರಿಗೆ ವೇಗ ಹೆಚ್ಚು, ಆದರೆ ನೆಲ ಮುಟ್ಟುವ ಮೊದಲು ಅದಕ್ಕೆ ಸಿಗುವ ಸಮಯ ಕಡಿಮೆ. ಬಾಟಲಿಯನ್ನು ಸ್ಟೂಲಿನ ಮೇಲಿಟ್ಟರೆ ಪುಸ್ತಕದ ಚಿತ್ರ ನಿಜವಾಗುತ್ತದೆ. ಎರಡನ್ನೂ ಒಂದೇ ಹಾಳೆಯಲ್ಲಿ ಬೇರೆ ಬೇರೆ ಬಣ್ಣದಲ್ಲಿ ಬಿಡಿಸಿದರೆ ನವಿಲುಗರಿಯಂತೆ ಕಾಣುತ್ತದೆ. ತೂತುಗಳನ್ನು ಕಾಯಿಸಿದ ಮೊಳೆಯಿಂದ ದೊಡ್ಡವರೇ ಮಾಡಲಿ.

ಸಮಯ ಉಳಿದರೆ ಒಂದು ಸಣ್ಣ ಆಟ

ಹಳೆಯ ಸಿ.ಡಿ. ಡಬ್ಬಿಯ ಎರಡು ಪಾರದರ್ಶಕ ಮುಚ್ಚಳಗಳ ನಡುವೆ ಒಂದು ಚಮಚ ಕಾಕಂಬಿ ಅಥವಾ ದಪ್ಪ ಬಣ್ಣ ಇಟ್ಟು ಒತ್ತಿ, ಆಮೇಲೆ ಒಂದು ಅಂಚಿನಿಂದ ನಿಧಾನವಾಗಿ ಬಿಡಿಸಿ. ಒಳನುಗ್ಗುವ ಗಾಳಿ ಮರದ ಕೊಂಬೆಯಂತೆ ಕವಲೊಡೆಯುತ್ತದೆ. ಸ್ನಿಗ್ಧತೆ ಕಡಿಮೆಯಿರುವುದು ಹೆಚ್ಚಿರುವುದನ್ನು ತಳ್ಳುವಾಗ ಅಂಚು ನೇರವಾಗಿ ನಿಲ್ಲದೆ ಬೆರಳು ಚಾಚುತ್ತದೆ. ಸ್ಯಾಫ್‌ಮನ್ ಮತ್ತು ಟೇಲರ್ ಎಂಬ ಇಬ್ಬರು 1958ರಲ್ಲಿ ಇದನ್ನು ವಿವರಿಸಿದರು. ಬಣ್ಣದಲ್ಲಿ ಮಾಡಿದ್ದರೆ ಆ ಮರವನ್ನು ಕಾಗದಕ್ಕೆ ಒತ್ತಿ ಅಚ್ಚು ತೆಗೆಯಬಹುದು. ಕಾಕಂಬಿಯಾದರೆ ಇರುವೆಗಳು ಬರುವ ಮೊದಲು ತೊಳೆದುಬಿಡಿ.

ಗೋಡೆಗೆ ಹಾಕುವಾಗ, ತೊಳೆಯುವಾಗ

ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನಕ್ಕೆ ನಾವು ಪ್ರದರ್ಶನ ಮಾಡುತ್ತೇವೆ. ಪ್ರತಿ ಹಾಳೆಯ ಕೆಳಗೆ ಎರಡೇ ಸಾಲು: ಏನು ಹರಿಯಿತು, ಯಾವುದು ತಡೆಯಿತು. ಪಕ್ಕದಲ್ಲಿ ಆ ಮಗುವಿನ ನೋಟ್‌ಬುಕ್ ತೆರೆದಿಡುತ್ತೇವೆ. ಬಹುಮಾನ ಕೊಡುವುದನ್ನು ಎರಡನೆಯ ವರ್ಷ ನಿಲ್ಲಿಸಿದೆವು. ಬಹುಮಾನವಿದ್ದಾಗ ಎಲ್ಲರೂ ಸುರಕ್ಷಿತವಾದ ಒಂದೇ ವಿನ್ಯಾಸಕ್ಕೆ ಅಂಟಿಕೊಳ್ಳುತ್ತಿದ್ದರು, ಕೆಡಿಸಿಕೊಂಡು ಕಲಿಯುವವರೇ ಇರಲಿಲ್ಲ.

ನೀರಿನ ಲೆಕ್ಕವನ್ನೂ ನೋಡಿಕೊಳ್ಳಬೇಕು, ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವ ಊರು ನಮ್ಮದು. ಒಂದು ಪರಾತ ಅಂಟು ನೀರಿನಲ್ಲಿ ಇಡೀ ತರಗತಿ ಒಂದೊಂದು ಹಾಳೆ ಎತ್ತಬಹುದು. ಹಾಳೆ ತೊಳೆದ ನೀರನ್ನು ಬಕೆಟಿನಲ್ಲಿ ಹಿಡಿದು ಬ್ರಷ್, ಪರಾತ ತೊಳೆಯಲು ಬಳಸಿ. ಅಕ್ರಿಲಿಕ್ ಪ್ಲಾಸ್ಟಿಕ್ ಜಾತಿಯದು, ಅದನ್ನು ಗಿಡಕ್ಕೂ ಬಾವಿಯ ಹತ್ತಿರಕ್ಕೂ ಚೆಲ್ಲಬಾರದು. ಉಳಿದ ಲೋಳೆಯನ್ನು ಹಳೆಯ ಪ್ಲಾಸ್ಟಿಕ್ ಹಾಳೆಯ ಮೇಲೆ ಬಿಸಿಲಿಗೆ ಹರಡಿದರೆ ಎರಡು ದಿನಕ್ಕೆ ಹಪ್ಪಳದಂತೆ ಒಣಗುತ್ತದೆ, ಕಸದ ಬುಟ್ಟಿಗೆ ಹಾಕಿದರಾಯಿತು. ಮೋರಿಗೆ ಸುರಿದರೆ ಅಗಸಿ ಲೋಳೆ ಕಟ್ಟಿಕೊಂಡು ಮುಖ್ಯೋಪಾಧ್ಯಾಯರು ನಿಮ್ಮನ್ನು ಕರೆಸುತ್ತಾರೆ. ನನ್ನನ್ನು ಕರೆಸಿದ್ದರು.

ಕೆಟ್ಟ ಹಾಳೆಗಳನ್ನು ಎಸೆಯಬೇಡಿ. ಬಣ್ಣ ಕಲಸಿಹೋದ, ಗುಳ್ಳೆ ಬಿದ್ದ, ಅರ್ಧ ಮೂಡಿದ ಹಾಳೆಗಳೇ ಹೆಚ್ಚು ಸಿಗುವುದು. ಅಬ್ರಿ ಕಾಗದವನ್ನು ಹಿಂದೆ ಪುಸ್ತಕ ಕಟ್ಟಲು, ಚಿತ್ರಗಳ ಅಂಚಿಗೆ ಹಚ್ಚಲು ಬಳಸುತ್ತಿದ್ದರು. ನಾವು ಅವನ್ನು ಮಡಚಿ ಮುಂದಿನ ವರ್ಷದ ಪ್ರಯೋಗದ ನೋಟ್‌ಬುಕ್‌ಗಳಿಗೆ ರಟ್ಟು ಹಾಕುತ್ತೇವೆ. ಜೂನ್‌ನಲ್ಲಿ ಎಂಟನೆಯ ತರಗತಿಗೆ ಬಂದ ಮಕ್ಕಳು ಮೊದಲು ಕೇಳುವುದು ಆ ರಟ್ಟಿನ ಬಗ್ಗೆಯೇ.